ರಟ್ಟಿನ ಚುಕ್ಕಾಣಿ

ಚುಕ್ಕಾಣಿ ಎಂಬ ಮಾತು ನಾನು ಕಂಡದ್ದು ಪೇಪರಿನಲ್ಲಿ,
ಯಾರೋ ಯಾವುದೋ ಪಕ್ಷದ್ದು ಹಿಡಿದಾಗ.
ಸಿಗ್ನೆಟ್ಟಿನ ಈ ತಗಡಿನ ಶೆಡ್ಡಿನಲ್ಲಿ ಅದು
ಫ್ರಿಜ್ಜಿನ ರಟ್ಟು ಕತ್ತರಿಸಿದ ಚಕ್ರ,
ನಡುವೆ ಒಂದು ಮೊಳೆ.

ಬಣ್ಣದ ಬಕೆಟ್ಟು ಬೋರಲು ಹಾಕಿ ಕೂತಿದ್ದಾಳೆ ಏವ್ರಿಲ್.
ಎರಡು ದಾರ ಕಟ್ಟಿದ್ದೇವೆ, ಅದೇ ಕಿಟಕಿ;
ಅದರಾಚೆ ಗೋಡೆಗೆ ತೂಗಿದ ಗರಗಸಗಳನ್ನು
ಅಲೆ ನೋಡಿದ ಹಾಗೆ ನೋಡುತ್ತಾಳೆ.

ನಕ್ಷೆಯ ಅಳತೆ ಆರಡಿ ಗಂಡಸಿನದು.
ಇವಳು ಐದಡಿ ಒಂದಂಗುಲ, ಬಲ ಮಂಡಿ ಸ್ಟೀಲು.
"ಅವನು ಬಂದರೆ ಅವನೇ ಬಗ್ಗಲಿ."
ಬಕೆಟ್ಟಿನಡಿ ಹಲಗೆ. ಇನ್ನೊಂದು. ಸಾಕು.
ಮೊಣಕೈ ಮಡಚಿದಲ್ಲಿ ಚಕ್ರ,
ಕತ್ತು ಎತ್ತದೆ ಕಾಣುವಲ್ಲಿ ದಿಕ್ಸೂಚಿ,
ರೇಡಿಯೋ ಅದರಿಂದ ಮೂರು ಗೇಣು ದೂರ,
ಇಲ್ಲದಿದ್ದರೆ ಉತ್ತರವೇ ಸುಳ್ಳು ಹೇಳುತ್ತದಂತೆ.
ಚಹಾದ ಲೋಟಕ್ಕೆ ತೂತು ನಾನೇ ಕೊರೆದೆ.

ಉಳಿದದ್ದು ಥ್ರಾಟಲ್.
ಗೆರೆ ಎಳೆದು, ಅಲ್ಲಿ ಪೊರಕೆಯ ಹಿಡಿ ಸಿಕ್ಕಿಸಿದೆ.
ಚೆಂದ ಕಂಡಿತು.

"ಕಣ್ಣು ಮುಚ್ಚುತ್ತೇನೆ. ಹೆದರಿಸು."

ತಗಡಿಗೆ ಸುತ್ತಿಗೆ ಬಡಿದೆ.
ಹಾರಿತು ಅವಳ ಕೈ, ಹಿಡಿಯ ಮೇಲಲ್ಲ,
ನಾಲ್ಕು ಬೆರಳು ಹಿಂದಕ್ಕೆ, ಏನೂ ಇಲ್ಲದ ಕಡೆ;
ಬರಿಗಾಳಿಯನ್ನೇ ಗಟ್ಟಿಯಾಗಿ ಎಳೆದಳು.

ಹಾಗೇ ಇರು, ಅಂದೆ.
ಆ ಮುಷ್ಟಿಯ ಕೆಳಗೆ ಸೀಮೆಸುಣ್ಣ ತೂರಿಸಿ
ಗುರುತು ಹಾಕಿದೆ. ನನ್ನ ಗೆರೆ ಅಳಿಸಿದೆ.

ರಾತ್ರಿ ಬಾಡಿಗೆಯ ಕೋಣೆಯ ಬಾಗಿಲು ತೆಗೆದು
ದೀಪಕ್ಕೆ ಕೈ ಚಾಚಿದೆ.
ಹನ್ನೊಂದು ವರ್ಷವಾಯಿತು ಇಲ್ಲಿಗೆ ಬಂದು.
ಗೋಡೆ ತಣ್ಣಗಿತ್ತು;
ಸ್ವಿಚ್ಚು
ಇನ್ನೂ ನಾಲ್ಕು ಬೆರಳು ಆಚೆ.