ಹುರುಪೆ

ಬೋಟು ಬಂದಾದ ಎರಡು ತಿಂಗಳು ನೋಡಿಯೇ ಹೋದದ್ದು.
ಬಿಸಿಲು ತಾಗಬಾರದು ಎಂದಿದ್ದಳು ಕಾಜುಬಾಗದ ಡಾಕ್ಟರಮ್ಮ;
ಬಂದರಿನಲ್ಲಿ ಬುಟ್ಟಿ ಇಟ್ಟು ಕೂತವಳಿಗೆ
ಆಷಾಢ ಬಿಟ್ಟರೆ ನೆರಳೆಲ್ಲಿ?

ಎರಡೂ ಕೆನ್ನೆಗೆ ಬಂಗು.
ಬಂಗಡೆ ಮಾರಿ ಮಾರಿ ಬಂತು ಎಂದು ಕುಸುಮಿ ನಗುತ್ತಿದ್ದಳು,
ನಾನೂ ನಗುತ್ತಿದ್ದೆ, ಚೀಟಿ ಎತ್ತುವವರೆಗೆ.

ಕಣ್ಣಿಗೆ ಕಪ್ಪು ಬಟ್ಟಲು ಮುಚ್ಚಿದರು.
ತಣ್ಣನೆ ಲೋಳೆ ಬಳಿದರು.
ಆಮೇಲೆ ಚಟ್, ಚಟ್,
ಕಾದ ಎಣ್ಣೆ ಸಿಡಿದ ಹಾಗೆ,
ಕೂದಲು ಸುಟ್ಟ ನಾತ.
"ನೋವಾಯಿತೇ?"
ಮೀನು ಹುರಿದವಳಿಗೆ ಇದೇನು ಎಂದೆ.
ಕೈ ಮಾತ್ರ ಸೆರಗು ಹಿಂಡುತ್ತಿತ್ತು.

ಮಂಜುಗಡ್ಡೆ ಇಡಿ ಎಂದಳು.
ಐಸಿನ ಲೆಕ್ಕ ನನಗೆ ಹೇಳಬೇಕೆ!
ಹಕ್ಕಳೆ ಕೀಳಬೇಡಿ ಎಂದಳು.
ಅಲ್ಲೇ ಕಷ್ಟ.
ಇಪ್ಪತ್ತು ವರ್ಷ ಶೇವ್ಟೆಯ ಹುರುಪೆ ಕೆರೆದ ಬೆರಳು
ನಿದ್ದೆಯಲ್ಲೂ ಕೆನ್ನೆಗೇ ಹೋಗುತ್ತದೆ.
ಮಗಳ ಹಳೇ ಸಾಕ್ಸು ಕೈಗೆ ತೊಟ್ಟು ಮಲಗಿದೆ.
"ಯಾವ ಕ್ರಿಕೆಟ್ಟಿಗೆ ಹೊರಟೆ?" ಎಂದರು ಇವರು.

ಒಂಬತ್ತನೇ ಬೆಳಗ್ಗೆ ತಲೆದಿಂಬಿನ ಮೇಲೆ
ಚಾಪುಡಿ ಚೆಲ್ಲಿದ ಹಾಗೆ ನಾನು.

ಆಗಸ್ಟು. ಬುಟ್ಟಿ, ಕೊಡೆ, ಮುಖಕ್ಕೆ ಬಿಳೀ ಕ್ರೀಮು.
ಬ್ಯಾಂಕಿನ ಇಸಬೆಲಾ ಬಾಯಿ
ನನ್ನ ದಾಟಿ ಹೋಗಿ ಕುಸುಮಿಯನ್ನು ಕೇಳಿದಳು:
"ಅವಳೆಲ್ಲಿ, ಆ ಬಂಗಿನವಳು?
ಎಣಿಸುವಾಗ ಒಂದು ಹೆಚ್ಚೇ ಹಾಕುವವಳು?"
ಕುಸುಮಿ ಬಾಯಿ ತೆರೆದಳು, ಕಣ್ಣು ಮಿಟುಕಿಸಿದೆ.
ನಾನಿಲ್ಲದಲ್ಲಿ ನನ್ನ ಮಾತು!
ಒಂದು ಗಳಿಗೆ ಸುಮ್ಮನೆ ಕೂತು ಕೇಳಿದೆ.
ಆಮೇಲೆ ಕೂಗಿದೆ: "ಬಾಯೀ, ನೂರಕ್ಕೆ ಎಂಟು!"

ತಿರುಗಿ ಬಂದಳು.
ಮುಖ ನೋಡಲಿಲ್ಲ,
ಬಂಗಡೆಯ ಕಿವಿರು ಎತ್ತಿ ನೋಡಿದಳು.