ಹದಿನೈದಕ್ಕೆ ಹದಿಮೂರು

ಹಣಮಂತ್ರಾಯ ಸರ್ ಬೋರ್ಡಿನ ಮೇಲೆ
ಒಂದು ಗೆರೆ ಎಳೆದರು, ಪಕ್ಕಕ್ಕೆ ಮೂರು.
ಮೊದಲಿನದಕ್ಕೆ ಸರಿಜೋಡಿ ಯಾವುದು?
ನಮ್ಮೂರ ಬಡಿಗ ಒಂದೇ ಕಣ್ಣಲ್ಲಿ ಹೇಳಿಯಾನು
ಮೂರನೆಯದೆಂದು.
ಮುಂದಿನ ಬೆಂಚಿನ ಆರು ಮಂದಿ,
ಸರ್ ಮೊದಲೇ ಕಿವಿಯೂದಿ ಕೂರಿಸಿದ್ದವರು,
ಒಬ್ಬರಾದ ಮೇಲೊಬ್ಬರು ಎರಡನೇದು ಅಂದರು.
ಏಳನೆಯವಳು ನಾನು.
"ಎರಡನೇದ್ರಿ ಸರ್."

ಕಣ್ಣು ಮೂರೆಂದಿತ್ತು. ನಾಲಿಗೆಗೆ ಬೇರೆ ಲೆಕ್ಕವಿತ್ತು:
ಸೇರಿದ ಮೊದಲ ವಾರ ಇದೇ ಕೋಣೆಯಲ್ಲಿ
"ಬರಕೋಲಾಕತ್ತೀನ್ರಿ" ಅಂದದ್ದಕ್ಕೆ
ಸಿಟಿಯ ಹುಡುಗನೊಬ್ಬ ಅದನ್ನೇ
ಎಳೆದೆಳೆದು ಅಂದು ತೋರಿಸಿದ್ದ.

"ಇದಕ್ಕ ಅನುವರ್ತನೆ ಅಂತಾರ" ಅಂದರು ಸರ್.
ಕ್ಲಾಸು ನಕ್ಕಿತು.
ನಾನೂ ನಕ್ಕೆ. ಅದೂ ಅನುವರ್ತನೆಯೇ.

ಚಪ್ಪಲಿಯ ಉಂಗುಟ ಕಿತ್ತು, ಸೇಫ್ಟಿ ಪಿನ್ನು ಚುಚ್ಚಿ,
ಗ್ರಂಥಾಲಯದವರೆಗೆ ನಡೆದ ದಿನ
ದಾರಿಯ ಬೇವಿನ ಎಲೆಎಲೆಯೂ
ನನ್ನ ಕಾಲನ್ನೇ ನೋಡುತ್ತಿತ್ತು.
ರಾತ್ರಿ ಖುತೇಜಾಳನ್ನು ಕೇಳಿದೆ.
"ಯಾವ ಚಪ್ಪಲಿ?" ಅಂದಳು. ಹಣೆಗೆ ಬೆರಳಿಟ್ಟು,
"ಇದನ್ನ ಎಲ್ಲಾರೂ ನೋಡಿದ್ರಲ್ಲ ಇವತ್ತ?"
ಯಾವ ಮೊಡವೆ?

ವಾರ್ಡನ್ ನೀಲಾಂಬಿಕಾ ತಡವಾಗಿ ಬಂದರೆ ಸೋಮಾರಿ,
ನಾನು ತಡವಾದರೆ ಸೇಡಂ ರೋಡಿನ ಟ್ರಾಫಿಕ್ಕು.
ಇದಕ್ಕೂ ಒಂದು ಹೆಸರಿದೆ. ಪಾಠ ಐದು.

ಟೆಸ್ಟಿಗೆ ಬಂದದ್ದು ಮಾತ್ರ ಪ್ರೇಕ್ಷಕ ಪರಿಣಾಮ.
ಬಾಯಿಪಾಠ. ಬರೆದೆ: ಮಂದಿ ಹೆಚ್ಚಾದಷ್ಟೂ
ಒಬ್ಬೊಬ್ಬರ ಪಾಲಿನ ಹೊಣೆ ತೆಳ್ಳಗಾಗುತ್ತದೆ,
ಮೆಸ್ಸಿನ ತೊಗರಿಬ್ಯಾಳಿಯ ಹಾಗೆ.
ಸರ್ ಹದಿನೈದಕ್ಕೆ ಹದಿಮೂರು ಕೊಟ್ಟು
ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಗೀಚಿದ್ದರು:
ಸ್ವಂತ ಉದಾಹರಣೆ ಸಾಲದು.

ಮರುದಿನ ಸೂಪರ್ ಮಾರ್ಕೆಟಿನಿಂದ ಯೂನಿವರ್ಸಿಟಿ ಬಸ್ಸು.
ಮೇ ತಿಂಗಳ ಎರಡು ಗಂಟೆ,
ಕಿಟಕಿಯ ಸರಳು ಮುಟ್ಟಿದರೆ ಬರೆ.
ಬಾಗಿಲ ಹತ್ತಿರ ಕಂಬ ಹಿಡಿದಿದ್ದ ಮುದುಕಿ
ಮೆಲ್ಲಗೆ, ಗೋಡೆಯ ಮೇಲೆ ನೀರಿಳಿದಂತೆ,
ಕಂಬದುದ್ದಕ್ಕೂ ಜಾರಿ ಕುಂತಳು.
ಅವಳ ಪೊರಕೆಯ ಕಟ್ಟು ಸೀಟಿನಡಿ ಹೊರಳಿತು.

ನಲವತ್ತು ಮಂದಿ ಇದ್ದೆವು.
ಒಬ್ಬರ ಮುಖ ಒಬ್ಬರು ನೋಡಿದೆವು.
ಯಾರ ಮುಖದಲ್ಲೂ ಗಾಬರಿಯಿಲ್ಲ,
ಅಂದಮೇಲೆ ಗಾಬರಿಯಾಗುವಂಥದ್ದು ಏನೂ ಇಲ್ಲ.
ಒಬ್ಬ ಮೊಬೈಲು ಎತ್ತಿದ, ಫೋನು ಮಾಡಲಿಕ್ಕಲ್ಲ.
ನನ್ನ ತೊಡೆಯ ಮೇಲೆ ಬಾಟ್ಲಿ, ಅರ್ಧ ನೀರು.
ವ್ಯಾಖ್ಯೆ ಗೊತ್ತಿತ್ತು, ಪ್ರಯೋಗ ಗೊತ್ತಿತ್ತು,
ಪರಿಹಾರವನ್ನೂ ಎರಡು ಅಂಕಕ್ಕೆ ಬರೆದಿದ್ದೆ.
ಬೆರಳುಗಳು ಮುಚ್ಚಳ ತೆಗೆಯಲಿಲ್ಲ,
ಇನ್ನಷ್ಟು ಬಿಗಿ ಮಾಡಿದವು.

ಕಂಡಕ್ಟರ್ ಬಂದ.
"ಯಾರರೆ ನೀರು ಕೊಡ್ರಿ" ಅನ್ನಲಿಲ್ಲ.
ನೆಟ್ಟಗೆ ನನ್ನತ್ತ ಕೈ ಮಾಡಿ,
"ಏ ಹಳದಿ ಓಢಣಿ ತಂಗಿ, ನೀನೇ, ಬಾಟ್ಲಿ ತಗೊಂಡು ಏಳು.
ಚಷ್ಮಾ ಹಾಕಿದ ಅಣ್ಣಾ, ನೀ ಪೇಪರ್‌ಲೆ ಗಾಳಿ ಬೀಸು."

ಎದ್ದೆ.
ಎಷ್ಟು ಸಲೀಸಾಗಿ ಎದ್ದೆನೆಂದರೆ
ಈಗ ನಾಚಿಕೆಯಾಗುವುದು ಅದಕ್ಕೇ.

ಗುಟುಕು ಗುಟುಕು ಕುಡಿದ ಮುದುಕಿ
ಕಣ್ಣು ಬಿಟ್ಟು ಮೊದಲು ಪೊರಕೆ ಎಣಿಸಿದಳು.
ಆಮೇಲೆ ನನ್ನ ಗದ್ದ ಹಿಡಿದು,
"ಯಾರ ಮಗಳವ್ವಾ, ಪುಣ್ಯದಾಕಿ,
ಯಾರೂ ಹೇಳದೇ ಓಡಿ ಬಂದಿ."
ನಾನು ತಿದ್ದಲಿಲ್ಲ.
ಕಂಡಕ್ಟರೂ ತಿದ್ದಲಿಲ್ಲ, ಟಿಕೆಟ್ ಹರಿಯುತ್ತಿದ್ದ.

ರಾತ್ರಿ ಹಾಸ್ಟೆಲಿನ ನಳದ ಮುಂದೆ ನಿಂತೆ.
ಬಾಟ್ಲಿಯ ಬಾಯಿಗೆ ಎಲೆಯಡಿಕೆಯ ಕೆಂಪು.
ತೊಳೀಲಾ, ಬ್ಯಾಡಾ.
ತೊಳೆದರೆ ಯಾಕೆ ತೊಳೆದೆ ಅಂತ ಯಾರು ಕೇಳುತ್ತಾರೆ?
ಹಿಂದೆ ಬಕೆಟು ಹಿಡಿದ ಹುಡುಗಿಯರ ಸಾಲು.
ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ.
ಯಾರೂ ನೋಡುತ್ತಿಲ್ಲ.