ಒಂದು ತೂತು ಹೆಚ್ಚು

ಕೆಂಪು ಅಂತಾನೆ ಆಟೋ ಕಾಂಪ್ಲೆಕ್ಸಿನ ಫೆಲಿಕ್ಸ್.
ಅಲ್ಲ, ಕಾಚಿನ ಬಣ್ಣ,
ಟೀ ಲೋಟ ಕುಕ್ಕುತ್ತಾನೆ ಪಂಕ್ಚರ್ ಅಂಗಡಿಯ ಗುರುಬಸಪ್ಪ.
ಆಗುಂಬೆಯ ಏಳನೇ ತಿರುವಿನಲ್ಲಿ ಬ್ರೇಕೇ ತುಳಿಯಲಿಲ್ಲವಂತೆ,
ಸೋಮೇಶ್ವರಕ್ಕೆ ಕಾರಿಗಿಂತ ಮೊದಲು ಸದ್ದು ಮುಟ್ಟಿತಂತೆ.
ಸೀಟು ಎರಡು, ಚಾವಣಿ ಇಲ್ಲ,
ಕಾರ್ಬುರೇಟರು ಎರಡೋ ಮೂರೋ,
ಅದಕ್ಕೂ ಜಗಳ.

ಅದು ಓಡಿದ್ದು ನಾನು ನೋಡಿಲ್ಲ.
ನಿಂತಿದ್ದು ನೋಡಿದ್ದೇನೆ:
ಉಸ್ತಾದ್ ಮೊಹಿದ್ದೀನರ ಅಂಗಡಿ ಮುಂದೆ,
ಜಟಕಾ ಕುದುರೆಗಳ ಸಾಲಿನ ಕೊನೆಗೆ,
ಟಿಕ್ ಟಿಕ್ ಎಂದು ಆರುತ್ತ.
ನಾನಾಗ ದಾರಕ್ಕೆ ಮೇಣ ಹಚ್ಚುವ ಹುಡುಗ.
ಬಾನೆಟ್ಟು ಬಿಗಿಯುವ ಚರ್ಮದ ಪಟ್ಟಿ ಹರಿದಿತ್ತು.
ಉಸ್ತಾದ್ ಟೇಪು ಹಿಡಿಯಲಿಲ್ಲ;
ಬಿಸಿ ಮೈಮೇಲೆ ಅಂಗೈ ಇಟ್ಟು, ತಡೆದು,
ಮೊಳ ಹಾಕಿದರು.

ಹೊಲಿದು, ಉಳಿಯಿಂದ ಐದು ತೂತು.
ಎದ್ದು, ದೂರ ನಿಂತು ನೋಡಿ,
ಇನ್ನೊಂದು.
"ಇದ್ಯಾಕೆ ಸಾಬರೇ?" ನಕ್ಕರು ಮಾಲೀಕರು.
"ಕುದುರೆ ಮೈ ತುಂಬಿಕೊಳ್ಳುತ್ತೆ ಸ್ವಾಮಿ."

ಮರುವರ್ಷ ದೊಡ್ಡ ಇಂಜಿನ್ ಕೂರಿಸಿದರಂತೆ,
ಬಾನೆಟ್ಟು ಎರಡು ಬೆರಳು ಉಬ್ಬಿತಂತೆ.
ಫೆಲಿಕ್ಸನ ಪರ್ಸಿನಲ್ಲಿ ಮಡಿಕೆ ಬಿದ್ದ ಫೋಟೋ:
ಗೆದ್ದ ಕಾರು, ಚೆಂಡುಹೂವಿನ ಹಾರ,
ಕಪ್ಪು ಬಿಳುಪು. ಬಣ್ಣಕ್ಕೆ ಸಾಕ್ಷಿ ಹೇಳದು.
ಅವರಿಬ್ಬರೂ ಚಕ್ರಕ್ಕೆ ಬಗ್ಗುತ್ತಾರೆ.
ನಾನು ಕನ್ನಡಕ ಒರೆಸಿ
ಬಕಲ್ ಹುಡುಕುತ್ತೇನೆ,
ಹಾರದ ಸಂದಿಯಲ್ಲಿ,
ಆರನೇ ತೂತಿನಲ್ಲಿ.